ನಳಿಗೆಯೊಳಗೆ ಏನು ಕಾಣುತ್ತೆ?

ಸೆಪ್ಟೆಂಬರ್ 28, 2025, ಭಾನುವಾರ
ರಾತ್ರಿ ಹತ್ತೂವರೆ

ಕೈಗೆ ಇನ್ನೂ ಎಣ್ಣೆ ವಾಸನೆ ಇದೆ. ಎರಡು ಸಲ ಸೋಪು ಹಾಕಿ ತೊಳೆದೆ, ಹೋಗಲಿಲ್ಲ. ಅಪ್ಪನ ಕೈಗೂ ಇದೇ ವಾಸನೆ ಇರುತ್ತಿತ್ತು, ನವರಾತ್ರಿಯ ಹೊತ್ತಿಗೆ.

ಬುಧವಾರ ಆಯುಧಪೂಜೆ. ಈ ವರ್ಷದಿಂದ ಕೋವಿ ನನ್ನ ಹೆಸರಿನಲ್ಲಿದೆ. 70 ದಾಟಿದವರು, ಇಲ್ಲವೇ 25 ವರ್ಷ ಕೋವಿ ಇಟ್ಟುಕೊಂಡವರು ಅದನ್ನು ವಾರಸುದಾರರಿಗೆ ಬಿಟ್ಟುಕೊಡಬಹುದು ಅಂತ 2016ರ ಶಸ್ತ್ರಾಸ್ತ್ರ ನಿಯಮದಲ್ಲಿದೆ. ಅಪ್ಪ ಎರಡನ್ನೂ ಎಂದೋ ದಾಟಿದ್ದಾರೆ. ಲೈಸೆನ್ಸ್ ಪುಸ್ತಕ ಕೈಗೆ ಬಂದ ದಿನ ನನಗೆ ಏನೂ ಅನಿಸಿರಲಿಲ್ಲ. ಇವತ್ತು ಅನಿಸಿತು.

ನಿನ್ನೆ ಪೇಟೆಗೆ ಹೋಗಿದ್ದು ಕ್ಲೀನಿಂಗ್ ಸಾಮಾನು ತರೋಕೆ. ಅಂಗಡಿಯ ಹುಡುಗ ಮೊದಲು ಒಂದು ದೊಡ್ಡ ಪೆಟ್ಟಿಗೆ ತೆಗೆದಿಟ್ಟ. ‘ಮೇಡಂ, ಎಲ್ಲಾ ಕೋವಿಗೂ ಆಗುತ್ತೆ’ ಅಂದ. ಒಳಗೆ ಸಾಲಾಗಿ ಬ್ರಷ್‌ಗಳು. ಬೆರಳಿನಷ್ಟು ದಪ್ಪದ್ದು, ಪೆನ್ಸಿಲ್‌ಗಿಂತ ಸಣ್ಣದು, ಎಲ್ಲಾ ಇತ್ತು. ಹೆಚ್ಚಿನವು ರೈಫಲ್‌ಗೆ. ನಮ್ಮದು 12 ಬೋರಿನ ಜೋಡು ನಳಿಗೆ. ಒಂದು ಪೌಂಡ್ ಸೀಸವನ್ನು 12 ಸಮ ಗುಂಡುಗಳಾಗಿ ಮಾಡಿದರೆ ಒಂದೊಂದು ಎಷ್ಟು ದಪ್ಪವೋ ಅಷ್ಟು ನಳಿಗೆಯ ಬಾಯಿ, ಅದಕ್ಕೇ 12 ಬೋರ್. ಸುಮಾರು 18.5 ಮಿಲಿಮೀಟರ್. ಇದನ್ನು ನಾನು ಐದನೇ ಕ್ಲಾಸಿನಲ್ಲೇ ಅಪ್ಪನ ಬಾಯಲ್ಲಿ ಕೇಳಿದ್ದೆ. 20 ಬೋರಿನ ಬ್ರಷ್ ಹಾಕಿದರೆ ಅದು ಗೋಡೆಗೆ ತಾಗದೆ ಸುಮ್ನೆ ಹೋಗಿ ಬರುತ್ತೆ. ಉಜ್ಜಿದೆವು ಅಂತ ನಮಗೆ ಸಮಾಧಾನ, ಕೊಳೆ ಅಲ್ಲೇ.

ಪೆಟ್ಟಿಗೆ ಬೇಡ ಅಂದೆ. ಮೂರು ತುಂಡು ಜೋಡಿಸುವ ಮರದ ಕೋಲು, 12 ಬೋರಿನ ಒಂದೇ ಒಂದು ಕಂಚಿನ ತಂತಿಯ ಬ್ರಷ್, ಅದೇ ಕೋಲಿಗೆ ತಿರುಗಿಸಿ ಹಾಕುವ ಉಣ್ಣೆಯ ಮಾಪ್, ಬಟ್ಟೆ ಸಿಕ್ಕಿಸುವ ಹಿತ್ತಾಳೆ ತುದಿ. ಕೊಳೆ ಬಿಡಿಸುವ ಸಾಲ್ವೆಂಟ್ ಒಂದು ಬಾಟಲಿ, ತೆಳ್ಳಗಿನ ಗನ್ ಆಯಿಲ್ ಒಂದು ಸಣ್ಣ ಬಾಟಲಿ. ಅಷ್ಟೇ. ಬಟ್ಟೆಗೆ ಅಪ್ಪನ ಹಳೇ ಪಂಚೆ ಇದೆ, ಮೂಲೆ ಹಿಡಿಯೋಕೆ ಹಳೇ ಟೂತ್ ಬ್ರಷ್ ಇದೆ. ಬ್ರಷ್ ಕಂಚಿನದೇ ಬೇಕು ಅಂತ ಕೇಳಿ ತಗೊಂಡೆ. ಕಂಚು ಉಕ್ಕಿಗಿಂತ ಮೆದು, ಗೀರು ಬೀಳುವುದಿಲ್ಲ.

ಡಬ್ಲ್ಯೂಡಿ-40 ಸ್ಪ್ರೇ ಸಾಕಲ್ವಾ ಅಂತ ತಮ್ಮ ಫೋನಿನಲ್ಲಿ ಕೇಳಿದ. ಅದು ಒದ್ದೆ ಓಡಿಸೋಕೆ ಮಾಡಿದ್ದು, ಹೆಸರಿನ ಮೊದಲ ಎರಡು ಅಕ್ಷರದ ಅರ್ಥವೂ ಅದೇ. ಮಳೆಯಲ್ಲಿ ನೆನೆದು ಬಂದ ಕೋವಿಗೆ ಒಂದು ಸಲ ಹೊಡೆದು ಒರೆಸಬಹುದು. ಆಮೇಲೆ ಎಣ್ಣೆ ಬೇಕೇ ಬೇಕು, ನಮ್ಮ ಮಳೆಗಾಲಕ್ಕೆ ಅದೊಂದೇ ಸಾಲದು.

ಪಕ್ಕದ ತೋಟದ ದೊಡ್ಡಪ್ಪ ಮಾತ್ರ ಕೊಬ್ಬರಿ ಎಣ್ಣೆ ಬಿಡುವುದಿಲ್ಲ. ‘ನಮ್ಮಪ್ಪನ ಕಾಲದಿಂದ ಅದೇ ಹಚ್ಚಿದ್ದು ಮಗಾ’ ಅನ್ನುತ್ತಾರೆ. ಹಿರಿಯರ ಮಾತಿಗೆ ಎದುರಾಡಲು ಮನಸ್ಸಾಗುವುದಿಲ್ಲ. ಆದರೆ ಡಿಸೆಂಬರ್ ಬೆಳಿಗ್ಗೆ ನಮ್ಮ ಬಚ್ಚಲಿನಲ್ಲಿ ಆ ಎಣ್ಣೆ ಬಾಟಲಿಯೊಳಗೇ ಗಟ್ಟಿಯಾಗಿ ನಿಂತಿರುತ್ತೆ, ಒಲೆ ಹತ್ತಿರ ಇಡಬೇಕು. ಕೋವಿಯ ಕುದುರೆ, ಅಂದರೆ ಗುಂಡು ಹಾರಿಸುವ ಕೀಲಿನ ಸಂದಿನಲ್ಲೂ ಹಾಗೇ ನಿಲ್ಲುತ್ತೆ ತಾನೇ? ಹಳತಾದರೆ ಜಿಗುಟು, ಅದಕ್ಕೆ ಧೂಳು ಬೇರೆ. ನಾನು ಹಚ್ಚುವುದಿಲ್ಲ.

ಇವತ್ತು ಮಧ್ಯಾಹ್ನ ಊಟ ಆದ ಮೇಲೆ ಜಗಲಿಯಲ್ಲಿ ಗೋಣಿ ಹಾಸಿ ಕೂತೆವು. ಅಪ್ಪ ಕುರ್ಚಿಯಲ್ಲಿ, ನಾನು ಕೆಳಗೆ.

‘ತೋಟಾ ಎಲ್ಲಿದೆ?’

‘ಒಳಗೆ, ಬೀರುವಿನಲ್ಲಿ. ಬೀಗ ಹಾಕಿದ್ದೀನಿ.’

‘ಕೋವಿ ಮುರಿದು ನೋಡು.’

ಕೀಲಿನಲ್ಲಿ ಬಗ್ಗಿಸಿ ಹಿಂಬದಿ ತೆರೆದು ನೋಡಿದೆ. ಎರಡೂ ನಳಿಗೆ ಖಾಲಿ.

‘ಬೆರಳು ಹಾಕಿ ನೋಡು.’

ಎರಡಕ್ಕೂ ಬೆರಳು ಹಾಕಿದೆ. ಆಗಲೇ ಅವರು ಮುಂದಿನ ಮರದ ಹಿಡಿ ಕಳಚಲು ಬಿಟ್ಟಿದ್ದು. ನಳಿಗೆ ಬೇರೆಯಾಗಿ ಬಂದು ತೊಡೆಯ ಮೇಲೆ ಕೂತಿತು. ಇಷ್ಟು ಭಾರ ಇದೆ ಅಂತ ಗೊತ್ತೇ ಇರಲಿಲ್ಲ.

ಕೋಲನ್ನು ತೋಟಾ ಹಾಕುವ ಕಡೆಯಿಂದಲೇ ತೂರಿಸಬೇಕು, ಕೊಳೆ ಬಾಯಿ ಕಡೆಗೆ ಹೋಗಬೇಕು. ಸಾಲ್ವೆಂಟ್‌ನಲ್ಲಿ ನೆನೆಸಿದ ಬಟ್ಟೆ ಒಂದು ಸಲ ಆಡಿಸಿ ಹತ್ತು ನಿಮಿಷ ಬಿಟ್ಟೆ. ಆಮೇಲೆ ಬ್ರಷ್, ಆಮೇಲೆ ಒಣ ಬಟ್ಟೆ. ಮೊದಲನೇ ಬಟ್ಟೆ ಹೊರಬಂದಾಗ ಕಪ್ಪಗಿತ್ತು. ಎರಡನೆಯದು ಬೂದಿ ಬಣ್ಣ. ಮೂರನೆಯದರಲ್ಲಿ ಕೆಂಪು ಕಂಡಿತು.

ನಾನು ಮಾತಾಡಲಿಲ್ಲ. ಇನ್ನೊಂದು ಬಟ್ಟೆ ಹಾಕಿದೆ. ಅದರಲ್ಲೂ ಕೆಂಪು.

‘ಯಾಕೆ ಸುಮ್ನಾದೆ?’ ಅಂದರು ಅಪ್ಪ.

‘ತುಕ್ಕು ಇದೆ.’

ಅವರು ಕೈ ಚಾಚಿದರು. ನಳಿಗೆ ಕೊಟ್ಟೆ. ಅಂಗಳದ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದರು. ಹೊರಳಿಸಿದರು. ಇನ್ನೊಂದು ಕಣ್ಣಿನಿಂದ ನೋಡಿದರು. ತುಂಬಾ ಹೊತ್ತು. ಆಮೇಲೆ ಅದನ್ನು ನನ್ನ ಕೈಗೇ ವಾಪಸ್ ಕೊಟ್ಟು, ‘ನೀನೇ ನೋಡಿ ಹೇಳು. ಒಳಗೆ ಏನು ಕಾಣುತ್ತೆ?’ ಅಂದರು.

ಅವರಿಗೆ ಕಾಣುವುದಿಲ್ಲ. ಪೇಪರ್ ಓದುವುದು ಬಿಟ್ಟು ವರ್ಷವಾಯಿತು, ಪೊರೆ ಬಂದಿದೆ, ಆಪರೇಶನ್ ಮುಂದೂಡುತ್ತಿದ್ದಾರೆ. ಇದೆಲ್ಲ ನನಗೆ ಗೊತ್ತು. ಆದರೆ ಕೋವಿಯನ್ನು ಅವರು ನೋಡಿಕೊಳ್ಳುತ್ತಿದ್ದಾರೆ ಅಂದುಕೊಂಡಿದ್ದೆ. ಕಳೆದ ವರ್ಷ ಲೋಕಸಭಾ ಚುನಾವಣೆ ಹೊತ್ತಿಗೆ ಕೋವಿಯನ್ನು ಪೊಲೀಸ್ ಠಾಣೆಯಲ್ಲಿ ಠೇವಣಿ ಇಟ್ಟು ವಾಪಸ್ ತಂದಿದ್ದು. ಅಪ್ಪ ತಂದವರೇ ಕ್ಯಾನ್ವಾಸ್ ಚೀಲದಲ್ಲಿ ಹಾಕಿ ಗೋಡೆಗೆ ನೇತು ಹಾಕಿದ್ದರು. ಎರಡು ಮಳೆಗಾಲ ಅದು ಅಲ್ಲೇ ಇತ್ತು. ಈ ಸಲವಂತೂ ಮೇ ತಿಂಗಳಲ್ಲೇ ಮಳೆ ಹಿಡಿಯಿತು. ಚೀಲ ನೀರಿನ ಪಸೆ ಹೀರಿಕೊಂಡು ಬಿಡುವುದೇ ಇಲ್ಲ. ನಾನು ದಿನಾ ಅದರ ಕೆಳಗೇ ಓಡಾಡಿದ್ದೀನಿ.

ನೋಡಿದೆ. ‘ಎಡಗಡೆ ನಳಿಗೆ ಕನ್ನಡಿ ಥರ ಇದೆ ಅಪ್ಪ. ಬಲಗಡೆ, ಬಾಯಿಂದ ಒಂದು ಗೇಣು ಒಳಗೆ, ಸಾಸಿವೆ ಕಾಳಿನಷ್ಟು ಚುಕ್ಕಿ. ಮೂರು. ಇಲ್ಲ, ನಾಲ್ಕು.’

‘ಕಪ್ಪಗಿದೆಯಾ? ಗುಳಿ ಬಿದ್ದಿದೆಯಾ?’

‘ಗುಳಿ ಅನಿಸುತ್ತೆ.’

‘ಅಲ್ಲೇ ಉದ್ದಕ್ಕೆ ಬೆಳ್ಳಗೆ ಗೆರೆ ಏನಾದರೂ?’

‘ಒಂದೆರಡಿದೆ.’

‘ಅದು ಸೀಸ. ತೋಟಾದೊಳಗಿನ ಸಣ್ಣ ಚರೆಗುಂಡು ಉಜ್ಜಿ ಹೋಗಿದ್ದು. ಅದು ಬ್ರಷ್‌ಗೆ ಬರುತ್ತೆ. ಗುಳಿ ಬರಲ್ಲ.’ ಸ್ವಲ್ಪ ಹೊತ್ತು ಬಿಟ್ಟು, ‘ನನ್ನ ಕೈಯಲ್ಲಿ ಒಂದು ಚುಕ್ಕಿ ಬಿದ್ದಿರಲಿಲ್ಲ’ ಅಂದರು. ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು.

ಗೆರೆ ಹೋಗುವ ತನಕ ಉಜ್ಜಿದೆ. ಉಣ್ಣೆ ಮಾಪಿಗೆ ನಾಲ್ಕೇ ಹನಿ ಎಣ್ಣೆ. ಜಾಸ್ತಿ ಹಾಕಿದರೆ ಅದು ಕೆಳಗಿಳಿದು ಹಿಂದಿನ ಮರಕ್ಕೆ ಹೀರಿ ಮರ ಮೆತ್ತಗಾಗುತ್ತೆ ಅಂತ, ಈ ರಾತ್ರಿ ಬಾಯಿ ಕೆಳಗೆ ಮಾಡಿ ನಿಲ್ಲಿಸಲು ಹೇಳಿದರು. ಮರಕ್ಕೆ ಅಗಸೆ ಎಣ್ಣೆ ಅಂಗೈಯಲ್ಲೇ ತಿಕ್ಕಿ, ಬಟ್ಟೆಯಿಂದ ಒರೆಸಿದೆ. ಆ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ ದಯವಿಟ್ಟು, ಅದು ತಾನಾಗೇ ಕಾದು ಬೆಂಕಿ ಹಿಡಿಯಬಹುದು. ಬಿಡಿಸಿ ತಂತಿಗೆ ಹರವಿದ್ದೀನಿ.

ಚೀಲ ಮಾತ್ರ ಒಲೆಗೆ ಹಾಕಿದೆ. ಬೀರುವಿನಲ್ಲಿ ಸಿಲಿಕಾ ಜೆಲ್ ಇಟ್ಟಿದ್ದೀನಿ, ನೀಲಿ ಕಾಳು. ಗುಲಾಬಿ ಬಣ್ಣಕ್ಕೆ ತಿರುಗಿದರೆ ಒಣಗಿಸಬೇಕು.

ಪ್ರತೀ ವರ್ಷ ಪೂಜೆ ಆದ ಮೇಲೆ ಅಪ್ಪ ಗದ್ದೆ ಬದಿಗೆ ಹೋಗಿ ಗಾಳಿಗೆ ಒಂದು ಈಡು ಹೊಡೆಯುತ್ತಿದ್ದರು. ಮಂಗಗಳು ಆ ವಾರ ಈ ಕಡೆ ಬರುತ್ತಿರಲಿಲ್ಲ. ಈ ಸಲ ಬೇಡ, ಮೊದಲು ಕೋವಿ ರಿಪೇರಿಯವರ ಹತ್ತಿರ ಆ ಗುಳಿ ತೋರಿಸೋಣ ಅಂದೆ. ‘ಹೂಂ’ ಅಂದರು. ಆಮೇಲೆ ಎದ್ದು ಒಳಗೆ ಹೋಗುವಾಗ ಬಾಗಿಲಲ್ಲಿ ನಿಂತು, ‘ಸಾಸಿವೆ ಅಂದೆಯಲ್ಲ, ರಾಗಿ ಅಲ್ವಾ?’ ಅಂತ ಕೇಳಿದರು.

ಈಗ ಬರೆಯುವ ಮುಂಚೆ ಟಾರ್ಚ್ ಹಾಕಿ ಇನ್ನೊಂದು ಸಲ ನೋಡಿ ಬಂದೆ. ಸಾಸಿವೆಯೇ. ಅಪ್ಪನ ಕೋಣೆಯಲ್ಲಿ ಇನ್ನೂ ದೀಪ ಉರೀತಿದೆ, ಹೋಗಿ ರಾಗಿ ಅಂತ ಹೇಳಲಾ ಅಂತ ಯೋಚಿಸ್ತಿದ್ದೀನಿ.