ಜೈಲೋ ಕ್ಷಮೆಯೋ ಅಂತ ಕೇಳುವವರಿಗೆ

"ಸರ್ವಾಧಿಕಾರಿ ಬಿದ್ದ ಮೇಲೆ ಅವನನ್ನು ಜೈಲಿಗೆ ಹಾಕಬೇಕಾ, ಕ್ಷಮಿಸಿ ಮುಂದೆ ಹೋಗಬೇಕಾ? ಒಂದೇ ಮಾತಲ್ಲಿ ಹೇಳಿ."

ನಾನು ಇಂಥದ್ದನ್ನೆಲ್ಲ ಓದುತ್ತೇನೆ ಅಂತ ಗೊತ್ತಾದ ಕೂಡಲೇ ಜನ ಕೇಳುವುದು ಇದನ್ನೇ. ಒಂದೇ ಮಾತಲ್ಲಿ ಬೇಕಾ? ಜೈಲಿಗೆ ಹಾಕಬೇಕು. ಆದರೆ. ಎರಡು ಮಾತಾಯಿತು, ಏನು ಮಾಡಲಿ.

ಆದರೆ ಯಾಕೆ ಅಂದರೆ, ಕುರ್ಚಿ ಹೋದರೂ ಬಂದೂಕು ಅವನ ಕೈಯಲ್ಲೇ ಇರಬಹುದು. ಚಿಲಿಯ ಸರ್ವಾಧಿಕಾರಿ ಪಿನೊಚೆ 1990ರಲ್ಲಿ ಅಧಿಕಾರ ಬಿಟ್ಟರು. ಸೇನೆಯ ಮುಖ್ಯಸ್ಥರಾಗಿ ಮಾತ್ರ 1998ರವರೆಗೂ ಇದ್ದರು. ಯಾವ ಪೊಲೀಸ್ ಹೋಗಿ ಅವರ ಬಾಗಿಲು ತಟ್ಟುತ್ತಾನೆ? ಅದೇ ವರ್ಷ ಬಂಧನವಾಗಿದ್ದೂ ಚಿಲಿಯಲ್ಲಲ್ಲ, ಲಂಡನ್ನಿನಲ್ಲಿ. 2006ರಲ್ಲಿ ಸತ್ತಾಗ ಒಂದು ಶಿಕ್ಷೆಯೂ ಆಗಿರಲಿಲ್ಲ.

ನನಗೆ ರೇಗುವುದು ಇನ್ನೊಂದು ಧಾಟಿಗೆ. ಒಮ್ಮೆ ಊಟಕ್ಕೆ ಕೂತಾಗ ಒಬ್ಬರು, "ಆಗಿದ್ದು ಆಗಿಹೋಯಿತು, ಹಳೇ ಗಾಯ ಯಾಕೆ ಕೆದಕಬೇಕು? ದೊಡ್ಡ ಮನಸ್ಸು ಮಾಡಬೇಕಪ್ಪ" ಅಂದರು. ಯಾರ ಗಾಯ ಸ್ವಾಮಿ? ನಿಮ್ಮದಲ್ಲ, ನನ್ನದೂ ಅಲ್ಲ. ಪಕ್ಕದ ಮನೆಯವರಿಗೆ ಬರಬೇಕಾದ ಸಾಲವನ್ನು ನಾವು ಮನ್ನಾ ಮಾಡಿದ ಹಾಗಾಯಿತು.

ದೊಡ್ಡ ಮನಸ್ಸು ಅಂದರೆ ದಕ್ಷಿಣ ಕೊರಿಯಾದ ವಿರೋಧ ಪಕ್ಷದ ನಾಯಕ ಕಿಮ್ ದೇ-ಜುಂಗ್ ಅವರದು. ಜನರಲ್ ಚುನ್ ದೂ-ಹ್ವಾನ್ ಕೈಗೆ ಅಧಿಕಾರ ಬಂದ 1980ರಲ್ಲಿ ಇವರಿಗೆ ಮರಣದಂಡನೆ ವಿಧಿಸಿದ್ದರು. ಗ್ವಾಂಗ್ಜು ಊರಿನ ಪ್ರತಿಭಟನೆಯನ್ನು ಸೇನೆ ರಕ್ತದಲ್ಲಿ ಮುಳುಗಿಸಿದ್ದೂ ಆಗಲೇ. 1996ರಲ್ಲಿ ಚುನ್‌ಗೇ ಮರಣದಂಡನೆಯಾಯಿತು, ಮೇಲ್ಮನವಿಯಲ್ಲಿ ಜೀವಾವಧಿಗೆ ಇಳಿಯಿತು. 1997ರ ಡಿಸೆಂಬರಿನಲ್ಲಿ ಕ್ಷಮಾದಾನ. ಆಗಷ್ಟೇ ಅಧ್ಯಕ್ಷರಾಗಿ ಆಯ್ಕೆಯಾಗಿದ್ದ ಕಿಮ್ ಅದಕ್ಕೆ ಒಪ್ಪಿದ್ದರು. ತಮ್ಮ ಪಾಲಿನದನ್ನು ಕ್ಷಮಿಸುವ ಹಕ್ಕು ಅವರಿಗಿತ್ತು, ಸರಿ. ಗ್ವಾಂಗ್ಜುವಿನ ತಾಯಂದಿರ ಪಾಲಿನದು? ಅಧಿಕಾರದಲ್ಲಿದ್ದಾಗ ತಿಂದ ಲಂಚದ ದುಡ್ಡು ವಾಪಸ್ ಕಟ್ಟಿ ಅಂದರೆ, ಚುನ್ 2003ರಲ್ಲಿ ಕೋರ್ಟಿನಲ್ಲಿ "ನನ್ನ ಹತ್ತಿರ ಇರುವುದು ಸುಮಾರು 2.9 ಲಕ್ಷ ವೊನ್ ಅಷ್ಟೇ" ಅಂದರು. ಆಗಿನ ಲೆಕ್ಕದಲ್ಲಿ 250 ಡಾಲರ್ ಆಸುಪಾಸು! 90 ವರ್ಷ ಬದುಕಿ, 2021ರಲ್ಲಿ ಕ್ಷಮೆ ಕೇಳದೆಯೇ ಹೋದರು.

ಹಾಗಾಗಿ ದಯವಿಟ್ಟು ಇದನ್ನು ಕೇಳಿ: ಕ್ಷಮೆಗೆ ಬದಲಾಗಿ ಏನು ಸಿಕ್ಕಿತು? ಬಿಳಿಯರ ವರ್ಣಭೇದದ ಆಳ್ವಿಕೆ ಮುಗಿದ ಮೇಲೆ ದಕ್ಷಿಣ ಆಫ್ರಿಕಾ ಕನಿಷ್ಠ ಒಂದು ಬೆಲೆ ಕಟ್ಟಿತು. ಡೆಸ್ಮಂಡ್ ಟುಟು ನಡೆಸಿದ ಸತ್ಯ ಮತ್ತು ಸಮನ್ವಯ ಆಯೋಗದ ನಿಯಮ ಇಷ್ಟೇ: ಮಾಡಿದ್ದನ್ನೆಲ್ಲ ಬಾಯಿಬಿಟ್ಟು ಹೇಳು, ಅದು ರಾಜಕೀಯ ಕಾರಣಕ್ಕೆ ಅಂತ ತೋರಿಸು, ಆಗ ಕೇಸಿಲ್ಲ. 7,000ಕ್ಕೂ ಜಾಸ್ತಿ ಅರ್ಜಿ ಬಂದವು, ಹೆಚ್ಚಿನವು ತಿರಸ್ಕೃತವಾದವು. ಕೆಲವರು ಹೆಣ ಹೂತ ಜಾಗ ತೋರಿಸಿದರು. ಮನೆಯವರಿಗೆ ಮೂಳೆಗಳಾದರೂ ಸಿಕ್ಕವು. ವರ್ಣಭೇದದ ಕಾಲದ ಮಾಜಿ ಅಧ್ಯಕ್ಷ ಬೋಥಾ ಮಾತ್ರ ಸಮನ್ಸ್ ಕೊಟ್ಟರೂ ಆಯೋಗದ ಮುಂದೆ ಬರಲೇ ಇಲ್ಲ. ಕ್ಷಮೆ ಸಿಗದವರ ವಿಚಾರಣೆ ನಡೆಸಿ ಅಂತ ಆಯೋಗ ಸರ್ಕಾರಿ ವಕೀಲರಿಗೆ ಕೊಟ್ಟ 300 ಚಿಲ್ಲರೆ ಪ್ರಕರಣಗಳು? ಬಹುಪಾಲು ಧೂಳು ತಿಂದವು. ಸುಮ್ನೆ ಬಾಯಿ ಮುಚ್ಚಿ ಕೂತವರೇ ಜಾಣರಾದರು.