ಅಜ್ಜಿಯ ಎರಡನೇ ಎಲೆ

ಮೂರು ತಿಂಗಳಿಂದ ಬಲಗೈ ಮೇಲೆತ್ತಲು ಆಗುತ್ತಿರಲಿಲ್ಲ. ಜಡೆ ಹಾಕಿಕೊಳ್ಳುವುದಕ್ಕೂ ಮಗಳೇ ಬೇಕಿತ್ತು. ಡಾಕ್ಟರು ಫ್ರೋಜನ್ ಶೋಲ್ಡರ್ ಅಂದರು, ವ್ಯಾಯಾಮ ಹೇಳಿಕೊಟ್ಟರು, ನಿಧಾನಕ್ಕೆ ಹೋಗುತ್ತದೆ ಅಂದರು. ಎದುರುಮನೆಯ ಚೀನೀ ಆಂಟಿಗೆ ಆ ನಿಧಾನ ಹಿಡಿಸಲಿಲ್ಲ. ಎಪ್ಪತ್ತು ದಾಟಿದ ಜೀವ. ಕಳೆದ ಶನಿವಾರ ನನ್ನನ್ನೂ ಒಂಬತ್ತು ವರ್ಷದ ಮಗಳನ್ನೂ ತಮ್ಮ ಸಿನ್ಸೆ ಹತ್ತಿರ ಕರೆದುಕೊಂಡು ಹೋದರು. ಸಿಂಗಪುರದಲ್ಲಿ ಚೀನೀ ವೈದ್ಯರನ್ನು ಹಾಗೆ ಕರೆಯುತ್ತಾರೆ.

ಸಿನ್ಸೆ ಮೊದಲು ನಾಲಿಗೆ ನೋಡಿದರು. ಆಮೇಲೆ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ಕಣ್ಣು ಮುಚ್ಚಿದರು. ನನಗೆ ಮೈ ಜುಂ ಅಂದಿತು. ನಮ್ಮೂರ ಪಂಡಿತರು ನಾಡಿ ನೋಡುತ್ತಿದ್ದದ್ದೂ ಹೀಗೇ, ಮೂರೇ ಬೆರಳಲ್ಲಿ. "ಇಂಗ್ಲಿಷ್ ಮಾತ್ರೆ ಏನೇನು ತಗೊಳ್ತೀರಿ?" ಎಂದು ಕೇಳಿ ಬಿಪಿ ಮಾತ್ರೆಯ ಹೆಸರು ಬರೆದುಕೊಂಡರು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ಕೆಲವು ಬೇರು ಕೊಡುವಂತಿಲ್ಲವಂತೆ.

ಅವರ ಲೆಕ್ಕದಲ್ಲಿ ಮೈಯೊಳಗೆ ದಾರಿಗಳಿವೆ. ಆ ದಾರಿಗಳಲ್ಲಿ 'ಚಿ' ಎಂಬ ಶಕ್ತಿ ಹರಿಯುತ್ತದೆ. ಅದು ಕಟ್ಟಿಕೊಂಡಲ್ಲಿ ನೋವು. ಆ ದಾರಿಗಳ ಮೇಲೆ ಸೂಜಿ ಚುಚ್ಚುವ ಮುಖ್ಯ ಜಾಗಗಳು ಸುಮಾರು 360. ನನಗೆ ಆಶ್ಚರ್ಯವಾದದ್ದು ಏನೆಂದರೆ, ನೋವು ಭುಜದಲ್ಲಿ, ಸೂಜಿ ಹಾಕಿದ್ದು ಮೊಣಕಾಲಿನ ಕೆಳಗೆ! ಕೂದಲಿನಷ್ಟು ಸಣ್ಣ ಸೂಜಿ, ಒಂದೇ ಸಲ ಬಳಸಿ ಎಸೆಯುವಂಥದ್ದು. ಚುಚ್ಚಿದ್ದು ಗೊತ್ತಾಗಲಿಲ್ಲ. ಸ್ವಲ್ಪ ತಿರುಗಿಸಿದಾಗ ಮಾತ್ರ ಒಳಗೆ ಭಾರವಾಗಿ, ಜೋಮು ಹಿಡಿದ ಹಾಗೆ ಆಯಿತು. ಹಾಗೆ ಆದರೇ ಸೂಜಿ ಸರಿಯಾದ ಕಡೆ ಕೂತಿದೆ ಎಂದರ್ಥವಂತೆ. ಸೂಜಿ ಇದ್ದ ಹಾಗೆಯೇ ಕೈ ಎತ್ತಲು ಹೇಳಿದರು. ನಾಲ್ಕು ಬೆರಳಿನಷ್ಟು ಜಾಸ್ತಿ ಮೇಲಕ್ಕೆ ಹೋಯಿತು. ಗುಣವಾಯಿತು ಎಂದು ನಾನು ಹೇಳುತ್ತಿಲ್ಲ, ವ್ಯಾಯಾಮವೂ ನಡೆದಿದೆ. ಹಳೇ ನೋವಿಗೆ ಇದರಿಂದ ಒಂದಿಷ್ಟು ಆರಾಮ ಸಿಗುತ್ತದೆ ಎಂದು ಅಧ್ಯಯನಗಳು ಹೇಳುತ್ತವೆ. ಸುಮ್ನೆ ಚುಚ್ಚಿದಂತೆ ಮಾಡುವ ಸೂಜಿಗೂ ನಿಜವಾದ ಸೂಜಿಗೂ ಅಂತರ ಸಣ್ಣದು ಎಂದೂ ಹೇಳುತ್ತವೆ.

ಅಲ್ಲಿಂದ ಮದ್ದಿನ ಅಂಗಡಿಗೆ ಹೋದೆವು. ನಮ್ಮ ಗ್ರಂಧಿಗೆ ಅಂಗಡಿಯ ಹಾಗೇ ಘಮ. ಗೋಡೆ ತುಂಬ ಸಣ್ಣ ಸಣ್ಣ ಖಾನೆಗಳು. ಅಂಗಡಿಯವರು ಚೀಟಿ ನೋಡಿ ಒಂದೊಂದೇ ತೂಗಿ ಕಾಗದದ ಮೇಲೆ ಹರಡಿದರು. ಹುವಾಂಗ್‌ಚಿ ಬೇರು, ದಾಲ್ಚಿನ್ನಿ ಕಡ್ಡಿ, ಶುಂಠಿ, ಬಿಳೀ ಪಿಯೋನಿ ಬೇರು, ಕೆಂಪು ಹಣ್ಣು. ಆ ಹಣ್ಣಿಗೆ ಇಲ್ಲಿ ರೆಡ್ ಡೇಟ್ಸ್ ಅಂತಾರೆ, ಆದರೆ ಅದು ಖರ್ಜೂರವಲ್ಲ, ನಮ್ಮ ಎಲಚಿಯ ಜಾತಿ. ಮೂರು ಬಟ್ಟಲು ನೀರು ಒಂದು ಬಟ್ಟಲಿಗೆ ಇಳಿಯಬೇಕು, ಮಣ್ಣಿನ ಮಡಕೆಯೇ ಆಗಬೇಕು, ಕಬ್ಬಿಣ ಕೂಡದು ಎಂದು ಆಂಟಿ ದಾರಿಯುದ್ದಕ್ಕೂ ಹೇಳುತ್ತಿದ್ದರು.

ಮನೆಗೆ ಬಂದ ಮೇಲೆ ಮಗಳು ಆ ಚೀಟಿ ಹಿಡಿದು ಕೂತಳು. ಆಂಟಿ ಒಂದೊಂದೇ ಹೆಸರು ಓದಿ ಹೇಳಿದರು, ಇವಳು ಎಷ್ಟು ಗ್ರಾಂ ಎಂಬುದನ್ನೂ ಸೇರಿಸಿ ತನ್ನ ನೋಟ್‌ಬುಕ್ಕಿಗೆ ಬರೆದುಕೊಂಡಳು. ಬರೆದು ಮುಗಿಸಿ ಕೇಳಿದಳು: "ಅಮ್ಮಾ, ಮುತ್ತಜ್ಜಿಯ ಮದ್ದಿನ ಚೀಟಿ ಎಲ್ಲಿದೆ?"

ನನ್ನಜ್ಜಿ ಹೊಸನಗರದ ಕಡೆಯವರು. ಕಾಮಾಲೆಗೆ ಮದ್ದು ಕೊಡುತ್ತಿದ್ದರು. ದುಡ್ಡು ಮುಟ್ಟುತ್ತಿರಲಿಲ್ಲ. ಆ ಕತೆಗಳನ್ನು ಮಗಳಿಗೆ ನಾನೇ ಹೇಳಿದ್ದೆ. ಚೀಟಿ ಇಲ್ಲ ಪುಟ್ಟಾ, ಹೆಸರು ಹೇಳಿದರೆ ಮದ್ದಿನ ಗುಣ ಹೋಗುತ್ತದೆ ಎಂದು ಅಜ್ಜಿ ನಂಬಿದ್ದರು ಎಂದೆ. ಅವಳು ಸ್ವಲ್ಪ ಹೊತ್ತು ಯೋಚಿಸಿದಳು. "ಈಗ ಹೇಳದೇ ಇದ್ರೂ ಹೋಯ್ತಲ್ವಾ?"

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಅಜ್ಜಿ ಬೆಳಕು ಹರಿಯುವ ಮೊದಲೇ ಗುಡ್ಡಕ್ಕೆ ಹೋಗಿ, ಎಲೆಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬರುತ್ತಿದ್ದರು. ಬಾಗಿಲು ಹಾಕಿಕೊಂಡು ಅರೆಯುತ್ತಿದ್ದರು. ಅರೆಯುವ ಕಲ್ಲು ತೊಳೆದ ನೀರನ್ನೂ ಬಾಳೆ ಬುಡಕ್ಕೆ ಹೊಯ್ದು ಬರುತ್ತಿದ್ದರು. ನಮಗೆ ಕಾಣುತ್ತಿದ್ದದ್ದು ಅವರ ಉಗುರಿನ ಸಂದಿಯ ಹಸಿರು ಮಾತ್ರ. ನಾವೂ ಕೇಳಲಿಲ್ಲ. ಓದಿದವರು ನಾವು, ಅದನ್ನೆಲ್ಲ ಕೇಳುವುದೇನು ಎಂದುಕೊಂಡಿದ್ದೆವು. ಅಜ್ಜಿಯ ತಪ್ಪಿಗಿಂತ ನಮ್ಮ ತಪ್ಪೇ ದೊಡ್ಡದು.

ಚೀನಾದಲ್ಲಿ ಗೆ ಹಾಂಗ್ ಎಂಬಾತ ನಾಲ್ಕನೇ ಶತಮಾನದಲ್ಲಿ ಚಳಿಜ್ವರದ ಮದ್ದೊಂದನ್ನು ಬರೆದಿಟ್ಟ: ಒಂದು ಹಿಡಿ ಚಿಂಗ್‌ಹಾವ್ ಸೊಪ್ಪನ್ನು ನೀರಲ್ಲಿ ನೆನೆಸಿ ಹಿಂಡಿ ಕುಡಿಯಬೇಕು. ಕುದಿಸಬೇಕು ಎಂದಿರಲಿಲ್ಲ. 1970ರ ದಶಕದಲ್ಲಿ ತು ಯೂಯೂ ಎಂಬ ವಿಜ್ಞಾನಿಗೆ ಹೊಳೆದದ್ದು ಅದೇ. ಕಾಯಿಸಿದರೆ ಸಾರ ಕೆಡುತ್ತಿದೆ ಎಂದುಕೊಂಡು ಕಡಿಮೆ ಶಾಖದಲ್ಲಿ ತೆಗೆದರು. ಮಲೇರಿಯಾಕ್ಕೆ ಆರ್ಟಿಮಿಸಿನಿನ್ ಸಿಕ್ಕಿದ್ದು ಹಾಗೆ. 2015ರಲ್ಲಿ ಅವರಿಗೆ ನೊಬೆಲ್ ಬಂತು. ಮಲೇರಿಯಾದಿಂದ ಮನೆಗೆ ಮನೆಯೇ ಖಾಲಿಯಾದ ಮಲೆನಾಡಿನವಳು ನಾನು. ಒಂದು ಸಾಲು ಬರೆದಿಟ್ಟದ್ದರ ಬೆಲೆ ನನಗೆ ಗೊತ್ತು.

ಹೆಸರು ತಿಳಿದಿದ್ದರೆ ಅಪಾಯವೂ ತಿಳಿಯುತ್ತದೆ. ಬೆಲ್ಜಿಯಂನಲ್ಲಿ 1990ರ ದಶಕದ ಆರಂಭದಲ್ಲಿ ತೂಕ ಇಳಿಸುವ ಚೀನೀ ಗಿಡಮೂಲಿಕೆ ತಿಂದ ಹೆಂಗಸರ ಕಿಡ್ನಿ ಹಾಳಾಯಿತು. ಒಂದು ಬೇರಿನ ಬದಲು ಅದೇ ಬಗೆಯ ಹೆಸರಿನ ಇನ್ನೊಂದು ಸೇರಿತ್ತು. ಹುಡುಕಿದರು, ವಿಷ ಯಾವುದೆಂದು ಸಿಕ್ಕಿತು. ಸಿಂಗಪುರದಲ್ಲಿ 2000ರಲ್ಲೇ ಕಾನೂನು ಬಂದು ಸಿನ್ಸೆಗಳು ನೋಂದಣಿ ಮಾಡಿಸಿಕೊಳ್ಳಬೇಕಾಯಿತು. ನಮ್ಮಜ್ಜಿಯ ಮದ್ದು ಒಳ್ಳೆಯದೋ ಕೆಟ್ಟದ್ದೋ ಎಂದು ಯಾರಾದರೂ ಪರೀಕ್ಷೆ ಮಾಡುತ್ತೇವೆ ಎಂದರೆ ಕೊಡಲು ನಮ್ಮಲ್ಲಿ ಏನಿದೆ?

ಭಾನುವಾರ ಊರಿಗೆ ಫೋನ್ ಮಾಡಿದೆ. ಚಿಕ್ಕಮ್ಮ ತೆಗೆದುಕೊಂಡರು.

"ಒಂದು ನೆಲನೆಲ್ಲಿ ಕಣೇ, ಅದು ನಂಗೆ ಗ್ಯಾರಂಟಿ. ಇನ್ನೊಂದು ಬಳ್ಳಿ. ಕೆರೆ ಏರಿ ಹತ್ರ ಅತ್ತೆ ಕೀಳೋದನ್ನ ಒಂದ್ಸಲ ನೋಡಿದ್ದೆ. ಹೆಸರು ಗೊತ್ತಿಲ್ಲ, ನೋಡಿದ್ರೆ ಗುರುತು ಹಿಡೀತೀನಿ."

"ಡಿಸೆಂಬರ್‌ಗೆ ಬರ್ತೀವಲ್ಲ ಚಿಕ್ಕಮ್ಮ, ತೋರಿಸ್ತೀರಾ?"

"ಆಗ ಎಲ್ಲ ಒಣಗಿರ್ತದೆ. ಮಳೆ ಹಿಡಿದ ಮೇಲೆ ಬಾ. ನಂಗೂ ವಯಸ್ಸಾಯ್ತು, ಮುಂದಿನ ವರ್ಷ ಅನ್ಬೇಡ."

ಮಗಳು ನೋಟ್‌ಬುಕ್ಕಿನ ಹೊಸ ಪುಟದಲ್ಲಿ 'ಮುತ್ತಜ್ಜಿ' ಎಂದು ಬರೆದು, ಕೆಳಗೆ ಒಂದು, ಎರಡು ಎಂದು ಹಾಕಿದ್ದಾಳೆ. ಒಂದರ ಮುಂದೆ ನೆಲನೆಲ್ಲಿ. ಎರಡರ ಮುಂದೆ ಜಾಗ ಬಿಟ್ಟಿದ್ದಾಳೆ. ಅವಳ ಶಾಲೆಗೆ ಜೂನ್‌ನಲ್ಲಿ ರಜೆ. ಟಿಕೆಟ್ ನೋಡುತ್ತಿದ್ದೇನೆ.