ಕಮ್ಯುನಿಟಿ ಮೆಡಿಸಿನ್ ಅಂದ್ರೆ ಪೇಶೆಂಟ್ ನೋಡದ ಡಾಕ್ಟ್ರಾ?

"ನೀವು ಯಾವ ಡಾಕ್ಟ್ರು?" ಎಂದು ಕೇಳುತ್ತಾರೆ. ಕಮ್ಯುನಿಟಿ ಮೆಡಿಸಿನ್‌ನಲ್ಲಿ, ಅಂದರೆ ಇಡೀ ಊರಿನ ಆರೋಗ್ಯ ನೋಡುವ ವಿಭಾಗದಲ್ಲಿ, ಎಂಡಿ ಎನ್ನುತ್ತೇನೆ. ತಕ್ಷಣ ಮುಂದಿನ ಪ್ರಶ್ನೆ: "ಹಂಗಂದ್ರೆ ಪೇಶೆಂಟ್ ನೋಡಲ್ವಾ? ಅದಕ್ಕೆ ಎಂಬಿಬಿಎಸ್ ಆದ ಮೇಲೆ ಇನ್ನೂ ಮೂರು ವರ್ಷ ಓದಬೇಕಾ?" ಮದುವೆ ಮನೆಯಲ್ಲಿ ನೆಂಟರೂ ಕೇಳುತ್ತಾರೆ, ನೀಟ್ ಪಿಜಿ ಕೌನ್ಸೆಲಿಂಗ್‌ಗೆ ಹೊರಟ ಜೂನಿಯರ್‌ಗಳೂ ಕೇಳುತ್ತಾರೆ.

ಪೇಶೆಂಟ್ ನೋಡುತ್ತೇವೆ. ಕಾಲೇಜಿನ ಗ್ರಾಮೀಣ ಮತ್ತು ನಗರ ಆರೋಗ್ಯ ಕೇಂದ್ರಗಳಲ್ಲಿ ಜ್ವರ, ಬಿಪಿ, ಶುಗರ್, ಗರ್ಭಿಣಿಯರ ತಪಾಸಣೆ, ಲಸಿಕೆ ಎಲ್ಲ ಇರುತ್ತದೆ. ಆದರೆ ಒಪಿಡಿಗೆ ಬಂದವರನ್ನು ನೋಡುವುದನ್ನು ಎಂಬಿಬಿಎಸ್‌ನಲ್ಲೇ ಕಲಿತಿರುತ್ತೇವೆ. ಬಾರದೆ ಉಳಿದವರು ಎಷ್ಟು ಜನ, ಯಾಕೆ ಬರಲಿಲ್ಲ, ಬಂದವರಿಗೆ ಸಿಗಬೇಕಾದದ್ದು ಸಿಕ್ಕಿತಾ? ಇದನ್ನು ಹುಡುಕುವುದಕ್ಕೇ ಈ ಮೂರು ವರ್ಷ. ಶಾಲೆಯ ಲೆಕ್ಕದಲ್ಲಿ ಹೇಳುವುದಾದರೆ, ಒಪಿಡಿ ರಿಜಿಸ್ಟರ್‌ನಲ್ಲಿ ಸಿಗುವುದು ಅಂಶ ಮಾತ್ರ. ಛೇದ, ಅಂದರೆ ಬಂದವರು ಬಾರದವರು ಸೇರಿದ ಒಟ್ಟು ಲೆಕ್ಕ, ಬೇಕೆಂದರೆ ಊರು ಸುತ್ತಬೇಕು.

ಹೀಗೆ ಊರು ಸುತ್ತಿದ್ದರಿಂದ ಏನಾಯಿತು ಎಂಬುದಕ್ಕೆ ನಮ್ಮ ತುಮಕೂರು ಜಿಲ್ಲೆಯೇ ಸಾಕ್ಷಿ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾದದ್ದು 1959ರಲ್ಲಿ. ಹಳ್ಳಿಯವರಿಗೆ ಟಿಬಿಯ ಅರಿವಿಲ್ಲ, ಅವರಾಗಿ ಆಸ್ಪತ್ರೆಗೆ ಬರುವುದಿಲ್ಲ ಎಂದು ಆಗ ತುಂಬ ಜನ ನಂಬಿದ್ದರು. ಸಂಸ್ಥೆಯ ಬ್ಯಾನರ್ಜಿ ಮತ್ತು ಆಂಡರ್ಸನ್ ತುಮಕೂರಿನ ಹಳ್ಳಿಗಳಲ್ಲಿ ರೋಗಿಗಳನ್ನೇ ಮಾತಾಡಿಸಿದರು. 1963ರಲ್ಲಿ ಪ್ರಕಟವಾದ ಆ ಅಧ್ಯಯನ ಬೇರೆಯೇ ಕಥೆ ಹೇಳಿತು. ಹೆಚ್ಚಿನವರಿಗೆ ತಮ್ಮ ಕೆಮ್ಮಿನ ಅರಿವಿತ್ತು, ಚಿಂತೆಯೂ ಇತ್ತು. ಸುಮಾರು ಅರ್ಧದಷ್ಟು ಜನ ಚಿಕಿತ್ಸೆಗೆಂದು ಹೋಗಿಯೂ ಇದ್ದರು! ಅಲ್ಲಿ ಕೆಮ್ಮಿನ ಔಷಧಿ ಕೊಟ್ಟು ಕಳಿಸಿದ್ದರು. ತಪ್ಪು ರೋಗಿಯದಲ್ಲ, ನಮ್ಮದು. ಬಹಳ ದಿನದಿಂದ ಕೆಮ್ಮುತ್ತಾ ಬಂದವರ ಕಫವನ್ನು ಹತ್ತಿರದ ಆಸ್ಪತ್ರೆಯಲ್ಲೇ ಪರೀಕ್ಷಿಸುವ ಪದ್ಧತಿಗೆ ಇಂಥ ಕೆಲಸಗಳೇ ಬುನಾದಿ. ಒಂದು ಒಳ್ಳೆಯ ಸರ್ವೆ ಎಷ್ಟು ಜನರ ಶ್ವಾಸಕೋಶ ಉಳಿಸಬಹುದು, ಯೋಚಿಸಿ.

ರೆಸಿಡೆನ್ಸಿಯಲ್ಲಿ, ಅಂದರೆ ಎಂಡಿಯ ಈ ಮೂರು ವರ್ಷದಲ್ಲಿ, ನಾವು ಮಾಡುವುದೂ ಇದೇ ಜಾತಿಯ ಕೆಲಸ, ಸಣ್ಣ ಮಟ್ಟದಲ್ಲಿ. ಒಂದು ಊರಿನಲ್ಲಿ ವಾಂತಿ ಭೇದಿ ಶುರುವಾಯಿತು ಅನ್ನಿ. ಡ್ರಿಪ್ ಹಾಕುವುದಕ್ಕೆ ಬೇರೆಯವರಿದ್ದಾರೆ. ನಾವು ಆಶಾ ಕಾರ್ಯಕರ್ತೆಯ ಜೊತೆ ಮನೆಮನೆಗೆ ಹೋಗಿ ಪಟ್ಟಿ ಮಾಡುತ್ತೇವೆ: ಯಾರಿಗೆ, ಎಂದಿನಿಂದ, ಯಾವ ನೀರು ಕುಡಿದರು, ಹಬ್ಬದೂಟ ಏನಾದರೂ ಇತ್ತಾ. ಮನೆಗಳನ್ನು ನಕ್ಷೆಯಲ್ಲಿ ಗುರುತು ಹಾಕುತ್ತೇವೆ. ಕೇಸುಗಳೆಲ್ಲ ಒಂದೇ ನಲ್ಲಿ ಲೈನಿನ ಸುತ್ತ ಕಂಡರೆ ಪೈಪು ಚರಂಡಿ ದಾಟುವ ಜಾಗ ಹುಡುಕುತ್ತೇವೆ. ನೀರಿನಲ್ಲಿ ಕ್ಲೋರಿನ್ ಉಳಿದಿದೆಯಾ ನೋಡುತ್ತೇವೆ. ಆಮೇಲೆ ವಾಟರ್‌ಮ್ಯಾನ್, ಪಂಚಾಯ್ತಿ ಪಿಡಿಓ ಇಬ್ಬರನ್ನೂ ಒಪ್ಪಿಸಬೇಕು. ಯಾವ ಪಠ್ಯದಲ್ಲೂ ಇಲ್ಲದ ಕಷ್ಟದ ವಿದ್ಯೆ ಅದು.

ಡೆಂಗಿ ಕಾಲದಲ್ಲಿ ಡ್ರಮ್ಮು, ಸಂಪು, ಹಳೇ ಟೈರುಗಳಲ್ಲಿ ಲಾರ್ವಾ ಹುಡುಕುವುದು. ಲಸಿಕೆಯ ಫ್ರಿಜ್ 2ರಿಂದ 8 ಡಿಗ್ರಿ ಒಳಗೇ ಇದೆಯಾ ನೋಡುವುದು. ಮೂರು ತಿಂಗಳು ಜಿಲ್ಲಾ ಆಸ್ಪತ್ರೆ ವ್ಯವಸ್ಥೆಯಲ್ಲಿ ಪೋಸ್ಟಿಂಗ್. ಇದು ಎಲ್ಲ ಬ್ರಾಂಚಿನ ಪಿಜಿಗಳಿಗೂ ಇದೆ. ಜೊತೆಗೆ ಥೀಸಿಸ್, ಸ್ಟ್ಯಾಟಿಸ್ಟಿಕ್ಸ್. ಗಣಿತ ಬೇಡ ಅಂತ ಬಯಾಲಜಿ ತಗೊಂಡವರಿಗೆ ಗಣಿತ ಇಲ್ಲಿ ಮತ್ತೆ ಎದುರಾಗುತ್ತದೆ.

ದುಡ್ಡಿನ ವಿಷಯ ನೇರವಾಗಿ ಹೇಳಿಬಿಡುತ್ತೇನೆ. ಸರ್ಜನ್‌ಗಳ ಹಾಗೆ ಕ್ಲಿನಿಕ್ ಬೋರ್ಡ್ ಹಾಕಿ ದುಡಿಯುವ ಬ್ರಾಂಚ್ ಇದಲ್ಲ. ಮೆಡಿಕಲ್ ಕಾಲೇಜು, ಸರ್ಕಾರಿ ಕಾರ್ಯಕ್ರಮಗಳು, ವಿಶ್ವ ಆರೋಗ್ಯ ಸಂಸ್ಥೆಯ ರೋಗ ಕಣ್ಗಾವಲು ಕೆಲಸ, ಸಂಶೋಧನೆ, ಹೀಗೆ ದಾರಿಗಳಿವೆ. ನನಗೆ ಬೇಸರ ಬೇರೆಯದು. ಪಕ್ಕದ ತಮಿಳುನಾಡಿನಲ್ಲಿ ಸಾರ್ವಜನಿಕ ಆರೋಗ್ಯಕ್ಕೆ 1939ರಿಂದಲೇ ಪ್ರತ್ಯೇಕ ಕಾಯ್ದೆ ಇದೆ, ಪ್ರತ್ಯೇಕ ನಿರ್ದೇಶನಾಲಯವೂ ಇದೆ. ಬೇರೆ ಎಷ್ಟೋ ಕಡೆ ಈ ವಿಷಯ ಓದಿದವರು ಪಾಠ ಹೇಳುತ್ತಾ ಉಳಿಯುತ್ತಾರೆ, ಸಾಂಕ್ರಾಮಿಕ ತಡೆಯುವ ಕುರ್ಚಿಯಲ್ಲಿ ಬೇರೆ ತರಬೇತಿಯವರು ಕೂರುತ್ತಾರೆ.

ರ‍್ಯಾಂಕ್ ಕಡಿಮೆ ಬಂತು, ಸುಮ್ನೆ ಒಂದು ಎಂಡಿ ಇರಲಿ ಅಂತ ಬರುವವರೂ ಇದ್ದಾರೆ. ಅಂಥವರಲ್ಲಿ ಕೆಲವರು ಮೊದಲ ಔಟ್‌ಬ್ರೇಕ್ (ಒಂದು ಕಡೆ ರೋಗ ಏಕಾಏಕಿ ಹರಡುವುದು) ನೋಡಿದ ಮೇಲೆ ಬ್ರಾಂಚನ್ನು ಪ್ರೀತಿಸತೊಡಗುತ್ತಾರೆ. ಕೆಲವರು ಮಧ್ಯದಲ್ಲೇ ಬಿಟ್ಟು ಮತ್ತೆ ಪರೀಕ್ಷೆ ಬರೆಯುತ್ತಾರೆ, ಅವರನ್ನು ನಾನು ದೂರುವುದಿಲ್ಲ.

ಜೂನಿಯರ್‌ಗಳಿಗೆ ಒಂದು ಮಾತು. ಸೀಟು ತಗೊಳ್ಳುವ ಮೊದಲು ಆ ಕಾಲೇಜಿನ ರೆಸಿಡೆಂಟ್‌ಗಳನ್ನು ಕೇಳಿ: ಫೀಲ್ಡಿಗೆ ವಾರಕ್ಕೆ ಎಷ್ಟು ದಿನ ಗಾಡಿ ಹೋಗುತ್ತದೆ? ಔಟ್‌ಬ್ರೇಕ್ ಆದಾಗ ಜಿಲ್ಲಾ ಕಚೇರಿಯಿಂದ ನಿಮ್ಮ ವಿಭಾಗಕ್ಕೆ ಫೋನ್ ಬರುತ್ತದಾ? ಎರಡಕ್ಕೂ ಅವರು ನಕ್ಕು ಸುಮ್ಮನಾದರೆ, ಪಟ್ಟಿಯಲ್ಲಿ ಮುಂದಿನ ಕಾಲೇಜು ನೋಡಿ.